ಯಾರೂ ಕಾಣದ ಮುಕ್ಕಾಲಿ

ಇಂಗ್ಲೆಂಡಿನ ಹಳೆಯ ಶ್ರೀಮಂತರ ಬಂಗಲೆಗಳಲ್ಲಿ ಎದೆಯೆತ್ತರದ ದೀಪದ ಕಂಬಗಳು ಕಾಣಸಿಗುತ್ತವೆ. ಮೂರು ಕಾಲು, ಕಾಲಿನ ತುದಿಗೆ ಗೊರಸು, ಮೇಲೆ ಟಗರಿನ ತಲೆ, ಒಂದು ತಲೆಯಿಂದ ಇನ್ನೊಂದಕ್ಕೆ ಇಳಿಬಿದ್ದ ಹೂಮಾಲೆ. ಮೇಣದಬತ್ತಿ ಹಚ್ಚಿಡುವುದಕ್ಕೆ ಟಗರಿನ ತಲೆ ಏಕೆ ಬೇಕಿತ್ತು? ಅದು ಬಂದದ್ದು ಪ್ರಾಚೀನ ಗ್ರೀಕರ, ರೋಮನರ ಬಲಿಪೀಠಗಳಿಂದ. ಬೂದಿಯಲ್ಲಿ ಹೂತಿದ್ದ ಹರ್ಕ್ಯುಲೇನಿಯಂ ನಗರದ ಉತ್ಖನನ 1738ರಲ್ಲಿ, ಪಾಂಪೇಯದು 1748ರಲ್ಲಿ ಶುರುವಾದ ಮೇಲೆ ಇಂಗ್ಲಿಷ್ ಸಿರಿವಂತರಿಗೆ ಹಳೆಯದರ ಹುಚ್ಚು ಹಿಡಿಯಿತು.

ಈ ಹುಚ್ಚಿಗೆ ಜೇಮ್ಸ್ ಸ್ಟೂವರ್ಟ್ ಎಂಬ ಕಲಾವಿದನ ಕೊಡುಗೆ ದೊಡ್ಡದು. 1750ರ ದಶಕದ ಆರಂಭದಲ್ಲಿ ಅವನು ಗೆಳೆಯ ನಿಕೊಲಸ್ ರೆವೆಟ್‌ನೊಡನೆ ಅಥೆನ್ಸಿಗೆ ಹೋಗಿ ಪಾಳುಕಟ್ಟಡಗಳನ್ನು ಅಳೆದ. ಅವುಗಳಲ್ಲೊಂದು ಲೈಸಿಕ್ರೇಟಿಸನ ಸ್ಮಾರಕ. ಕ್ರಿ.ಪೂ. 334ರ ಸುಮಾರಿಗೆ ಮೇಳಗಾನದ ಸ್ಪರ್ಧೆಯಲ್ಲಿ ಗೆದ್ದ ತಂಡದ ಪೋಷಕ ಈತ. ಬಹುಮಾನ ಬಂದ ಕಂಚಿನ ಮುಕ್ಕಾಲಿಯನ್ನು ನೆತ್ತಿಯ ಮೇಲಿಡಲೆಂದೇ ಕಟ್ಟಿಸಿದ್ದು ಆ ಸ್ಮಾರಕ. ಸ್ಟೂವರ್ಟ್ ನೋಡುವ ಹೊತ್ತಿಗೆ ಮುಕ್ಕಾಲಿ ಎಂದೋ ಮಾಯವಾಗಿತ್ತು. ಅವನೇನೂ ಎದೆಗುಂದಲಿಲ್ಲ; ಹೀಗಿದ್ದಿರಬೇಕು ಎಂದು ಊಹಿಸಿ ಬರೆದ. 1760ರ ಸುಮಾರಿಗೆ ಅಂಥದೇ ಗಿಲೀಟಿನ ಮುಕ್ಕಾಲಿಗಳು ಲಂಡನ್ನಿನ ಸ್ಪೆನ್ಸರ್ ಹೌಸಿಗೂ ಡರ್ಬಿಶೈರಿನ ಕೆಡ್ಲ್‌ಸ್ಟನ್ ಹಾಲ್‌ಗೂ ತಯಾರಾದವು. ಅವುಗಳಿಗೆ ಬತ್ತಿ ನಿಲ್ಲಿಸುವ ಕವಲುಗಳೂ ಬಂದವು. ಎರಡು ಸಾವಿರ ವರ್ಷದ ಹಿಂದಿನ ಗಾಯನದ ಬಹುಮಾನ, ಅದೂ ಯಾರೂ ಕಣ್ಣಾರೆ ಕಾಣದ್ದು, ಇಂಗ್ಲಿಷರ ಊಟದ ಮನೆಗೆ ಬೆಳಕು ಹಿಡಿಯಿತು!

ರಾಬರ್ಟ್ ಆ್ಯಡಂ ಈ ಮುಕ್ಕಾಲಿಯನ್ನು ಇನ್ನಷ್ಟು ತೆಳ್ಳಗೆ ಮಾಡಿದ. 1770ರ ದಶಕದಲ್ಲಿ ಆಸ್ಟರ್ಲಿ ಪಾರ್ಕಿನಲ್ಲಿ ಅವನು ರೂಪಿಸಿದ ‘ಎಟ್ರಸ್ಕನ್’ ಕೋಣೆಯ ಕೆಂಗಂದು, ಕಪ್ಪು ಬಣ್ಣಗಳು ಹಳೆಯ ಹೂಜಿಗಳಿಂದ ಬಂದವು. ಅವು ಇಟಲಿಯ ಎಟ್ರಸ್ಕನ್ನರವೆಂದು ಆಗಿನವರ ನಂಬಿಕೆ, ಬಹುಪಾಲು ಗ್ರೀಕರವು. ತಪ್ಪು ಹೆಸರಿನಿಂದ ಕೋಣೆಯ ಅಂದವೇನೂ ಕೆಟ್ಟಿಲ್ಲ ಅನ್ನಿ.

ಬರ್ಮಿಂಗ್‌ಹ್ಯಾಂ ಬಳಿಯ ಸೋಹೋದಲ್ಲಿ ಮ್ಯಾಥ್ಯೂ ಬೋಲ್ಟನ್ ಇಂಥ ಸರಕಿನ ಕಾರ್ಖಾನೆಯನ್ನೇ ನಡೆಸಿದ. ಮುಂದೆ ಜೇಮ್ಸ್ ವಾಟ್‌ನ ಉಗಿಯಂತ್ರಕ್ಕೆ ಪಾಲುದಾರನಾದವನೂ ಇವನೇ. ಡರ್ಬಿಶೈರಿನ ನೇರಳೆ, ಹಳದಿ ಪಟ್ಟೆಗಳ ಕಲ್ಲಿನಿಂದ ಅವನು ಮಾಡಿಸಿದ ಕೆಲವು ಹೂಜಿಗಳ ಮುಚ್ಚಳವನ್ನು ತಿರುವಿಟ್ಟರೆ ಅದೇ ಬತ್ತಿಯ ಗೂಡು. ಹಗಲು ಅಲಂಕಾರ, ರಾತ್ರಿ ದೀಪ. ಲೋಹದ ಹೊಳಪಿನ ಹಿಂದೆ ಮಾತ್ರ ಕಹಿ ಇತ್ತು. ಚಿನ್ನವನ್ನು ಪಾದರಸದಲ್ಲಿ ಕಲಸಿ ಬಳಿದು ಕಾಸಿದರೆ ಪಾದರಸ ಹಾರಿಹೋಗಿ ಚಿನ್ನ ಉಳಿಯುತ್ತದೆ. ಹಾರಿದ ಪಾದರಸದ ಹೊಗೆ ಕೆಲಸಗಾರರ ಮೈ ಸೇರಿ ಕೈನಡುಕ ತರುತ್ತಿತ್ತು, ಹಲ್ಲು ಉದುರಿಸುತ್ತಿತ್ತು.

ಇಷ್ಟು ಮಾಡಿ ಉರಿಸುವುದು ಎಷ್ಟು ಹೊತ್ತು? ಇಂಗ್ಲೆಂಡಿನಲ್ಲಿ 1831ರವರೆಗೂ ಮೇಣದಬತ್ತಿಗೆ ತೆರಿಗೆಯಿತ್ತು. ಪ್ರಾಣಿಗಳ ಕೊಬ್ಬಿನ ಬತ್ತಿಗಿಂತ ಜೇನುಮೇಣದ ಬತ್ತಿಗೆ ಅದು ಹಲವು ಪಟ್ಟು ಹೆಚ್ಚು. ಹಾಗಾಗಿ ಕಂಬಗಳನ್ನು ಕನ್ನಡಿಯ ಅಕ್ಕಪಕ್ಕ ನಿಲ್ಲಿಸಿ ಒಂದು ಬತ್ತಿಯಿಂದ ಎರಡರ ಬೆಳಕು ಪಡೆಯುತ್ತಿದ್ದರು. ನೆಂಟರು ಹೋದ ಮೇಲೆ ಉಳಿದ ಮೇಣದ ತುಂಡುಗಳು ಎಷ್ಟೋ ಮನೆಗಳಲ್ಲಿ ಆಳುಗಳ ಪಾಲು. ಅವನ್ನು ಅವರು ಮಾರಿಕೊಳ್ಳುತ್ತಿದ್ದರು.