ಹೀರುವ ಇದ್ದಿಲು, ಅಂಟುವ ಕೊಳೆ

ನೀರಿನ ಫಿಲ್ಟರಿನ ಕೈಪಿಡಿ ಅನುವಾದಕ್ಕೆ ಬಂದಾಗಲೆಲ್ಲ ನನ್ನನ್ನು ತಡೆದು ನಿಲ್ಲಿಸುವುದು ಒಂದು ಕ್ರಿಯಾಪದ. ಆಕ್ಟಿವೇಟೆಡ್ ಕಾರ್ಬನ್ ಕೊಳೆಯನ್ನು ‘ಹೀರುತ್ತದೆ’ ಎಂದರೆ ವಾಕ್ಯ ಸಲೀಸಾಗಿ ಓದಿಸಿಕೊಳ್ಳುತ್ತದೆ, ಅರ್ಥ ಮಾತ್ರ ತಪ್ಪುತ್ತದೆ. ಹೀರುವುದು ಸ್ಪಂಜಿನ ಕೆಲಸ. ಈ ಇದ್ದಿಲು ತನ್ನ ಸೂಕ್ಷ್ಮ ರಂಧ್ರಗಳ ಗೋಡೆಗೆ ಕೊಳೆಯ ಅಣುಗಳನ್ನು ಅಂಟಿಸಿಕೊಳ್ಳುತ್ತದೆ. ಒಂದು ಗ್ರಾಮಿನಲ್ಲಿ ಸುಮಾರು 1000 ಚದರ ಮೀಟರ್‌ನಷ್ಟು ಗೋಡೆಯಿರುತ್ತದೆ. ಅದೆಲ್ಲ ತುಂಬಿದ ಮೇಲೆ ಇದ್ದಿಲು ಕಸವಾಯಿತೆಂದು ನಾವು ಎಸೆಯುತ್ತೇವೆ. ಆದರೆ ಅಂಟಿದ್ದನ್ನು ಬಿಡಿಸಬಹುದು.

ಬಿಡಿಸುವುದು ಯಾಕೆ ಮುಖ್ಯ ಎಂಬುದನ್ನು ತಿಪಟೂರಿನವರಿಗೂ ಕಾಸರಗೋಡಿನವರಿಗೂ ಬಿಡಿಸಿ ಹೇಳಬೇಕಿಲ್ಲ. ನಾನಿರುವ ಕಳಕ್ಕೂಟಂನಲ್ಲಿ ಚಿರಟ್ಟ, ನಮ್ಮಲ್ಲಿ ಕರಟ. ಒಳ್ಳೆಯ ಕಾರ್ಬನ್ ಹುಟ್ಟುವುದು ಅದರಿಂದಲೇ. ಗುಂಡಿಯಲ್ಲಿ ಸುಟ್ಟರೆ ಸಾವಿರ ಕರಟಕ್ಕೆ ಸಿಗುವುದು ಸುಮಾರು 35 ಕಿಲೋ ಇದ್ದಿಲು. ಅಂಥ ಮೂರು ಕಿಲೋ ಸೇರಿದರೆ ಒಂದು ಕಿಲೋ ಆಕ್ಟಿವೇಟೆಡ್ ಕಾರ್ಬನ್. ಅಷ್ಟು ಹೊಗೆ ಕುಡಿದು ಮಾಡಿದ್ದನ್ನು ಒಂದೇ ಸಲ ಬಳಸಿ ಬಿಸಾಡುವುದು ದುಂದು.

ಕಾರ್ಖಾನೆಗಳ ರೂಢಿಯ ದಾರಿ ಕುಲುಮೆ: 800 ಡಿಗ್ರಿ ಆಸುಪಾಸಿನಲ್ಲಿ ಹಬೆ ಹಾಯಿಸಿ ಕೊಳೆಯನ್ನು ಸುಡುವುದು. ಪ್ರತಿ ಸಲ ನೂರಕ್ಕೆ 5ರಿಂದ 10 ಪಾಲು ಕಾರ್ಬನ್ನೂ ಸುಟ್ಟುಹೋಗುತ್ತದೆ. ಇನ್ನೊಂದು ದಾರಿ ಸಾವಯವ ದ್ರಾವಕ. ಎಥನಾಲ್, ಮೆಥನಾಲ್, ಅಸಿಟೋನ್‌ಗಳಲ್ಲಿ ಫೀನಾಲಿನಂಥವು ಕರಗಿ ಬರುತ್ತವೆ. ಕಾರ್ಬನ್ನನ್ನು ತೊಟ್ಟಿಯಿಂದ ತೆಗೆಯದೆಯೇ ತೊಳೆಯಬಹುದು, ದ್ರಾವಕವನ್ನು ಬಟ್ಟಿಯಿಳಿಸಿ ಮತ್ತೆ ಬಳಸಬಹುದು. ಎಲ್ಲ ರಂಧ್ರಗಳೂ ತೆರೆದುಕೊಳ್ಳುವುದಿಲ್ಲ ಎಂಬುದು ಇದರ ಕೊರತೆ.

ಇಲ್ಲಿ ಎರಡನೆಯ ಪದ ಮೋಸಮಾಡುತ್ತದೆ. ಸಾವಯವ ಬೆಲ್ಲ, ಸಾವಯವ ಅಕ್ಕಿ ಕೊಂಡು ರೂಢಿಯಾದ ನಮಗೆ ‘ಸಾವಯವ’ ಎಂದರೆ ನಿರಪಾಯ. ರಸಾಯನಶಾಸ್ತ್ರದಲ್ಲಿ ಆ ಪದ ಹೇಳುವುದು ಇಂಗಾಲದ ಸಂಯುಕ್ತ ಎಂದಷ್ಟೆ. ಅಸಿಟೋನ್‌ಗೆ ಕಿಡಿ ತಾಗಿದರೆ ಸಾಕು. 2000ದಲ್ಲಿ ಇಲ್ಲಿಂದ ದೂರವಲ್ಲದ ಕಲ್ಲುವಾತುಕ್ಕಲ್‌ನಲ್ಲಿ ಜನರನ್ನು ಕೊಂದ ಕಳ್ಳಸಾರಾಯಿಯಲ್ಲಿದ್ದುದು ಇದೇ ಮೆಥನಾಲ್.

ಆದ್ದರಿಂದ ನನ್ನ ವಾದ ಇಷ್ಟು. ಅಂಟಿರುವ ವಸ್ತು ಯಾವುದೆಂದು ಗೊತ್ತಿರುವ, ಬಟ್ಟಿಯಿಳಿಸುವ ವ್ಯವಸ್ಥೆಯೂ ಇರುವ ಕಾರ್ಖಾನೆ ದ್ರಾವಕದ ದಾರಿ ಹಿಡಿಯಲಿ. ಕೊನೆಗೆ ಉಳಿಯುವ ಗಷ್ಟಿನ ಲೆಕ್ಕವನ್ನೂ ಅದೇ ಕೊಡಲಿ. ತೊಳೆದ ಕೊಳೆ ಮಾಯವಾಗುವುದಿಲ್ಲ, ಜಾಗ ಬದಲಿಸುತ್ತದೆ. ಮನೆಯ ಕಾರ್ಟ್ರಿಜ್ಜನ್ನು ಮಾತ್ರ ಯಾರೂ ದ್ರಾವಕದಲ್ಲಿ ಅದ್ದಬಾರದು. ಕುಡಿಯುವ ನೀರಿಗೆ ಅದರ ಶೇಷ ಸೇರೀತು. ಮಾರಿದವರೇ ಅದನ್ನು ವಾಪಸು ಪಡೆದು ಕುಲುಮೆಗೆ ಕಳಿಸುವ ನಿಯಮ ಬರಬೇಕು. ಕೈಪಿಡಿಯಲ್ಲಿ ಆ ಒಂದು ಸಾಲಿದ್ದರೆ, ಅನುವಾದಿಸಲು ಅದೇ ಎಲ್ಲಕ್ಕಿಂತ ಸುಲಭದ ಸಾಲು.