ತೆಂಗಿನ ಸೀಮೆಯ ಹಿರಿಯ ನಾಗರಿಕರಿಗೆ ಫ್ಲೂ ಲಸಿಕೆ: ಕಾಲ ಮತ್ತು ಲಭ್ಯತೆ

ಫ್ಲೂ ಲಸಿಕೆಯನ್ನು ಚಳಿಗಾಲಕ್ಕೆ ಮುನ್ನ ಪಡೆಯುವುದು ಯುರೋಪ್, ಅಮೆರಿಕಗಳ ವಾಡಿಕೆ. ವಿದೇಶದಲ್ಲಿರುವ ಮಕ್ಕಳ ಸಲಹೆಯಂತೆ ಊರಿನ ಹಿರಿಯರೂ ಅಕ್ಟೋಬರ್‌ವರೆಗೆ ಕಾಯುವುದುಂಟು. ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಭಾರತದಲ್ಲಿ ಈ ಸೋಂಕು ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆಗಾಲದಲ್ಲಿ ಮತ್ತೊಮ್ಮೆ ಏರುತ್ತದೆ. ಶ್ರೀನಗರದಂತಹ ಶೀತ ಪ್ರದೇಶಗಳನ್ನು ಬಿಟ್ಟರೆ ದೇಶದ ಬಹುಭಾಗದಲ್ಲಿ ಮಳೆಗಾಲದ ಏರಿಕೆಯೇ ಪ್ರಮುಖವಾದುದು. ಚುಚ್ಚುಮದ್ದು ಪಡೆದ ಸುಮಾರು ಎರಡು ವಾರಗಳ ನಂತರವಷ್ಟೇ ರೋಗನಿರೋಧಕ ಶಕ್ತಿ ಮೂಡುವುದರಿಂದ ಏಪ್ರಿಲ್ ಮತ್ತು ಮೇ ತಿಂಗಳುಗಳು ಸೂಕ್ತ. ರೈತರ ಲೆಕ್ಕದಲ್ಲಿ ಹೇಳುವುದಾದರೆ, ರೋಹಿಣಿ ಮಳೆ ಹುಟ್ಟುವುದರೊಳಗೆ ಲಸಿಕೆ ಆಗಿರಬೇಕು.

2023ರ ಮಾರ್ಚ್‌ನಲ್ಲಿ ನೆರೆಯ ಹಾಸನ ಜಿಲ್ಲೆಯಲ್ಲಿ ಮೃತಪಟ್ಟ ಹಿರಿಯರೊಬ್ಬರಿಗೆ ಎಚ್3ಎನ್2 ಫ್ಲೂ ತಗುಲಿದ್ದುದು ದೃಢಪಟ್ಟಿತ್ತು. ಮಧುಮೇಹ, ಹೃದ್ರೋಗ, ಉಬ್ಬಸವಿರುವ ವೃದ್ಧರಲ್ಲಿ ಫ್ಲೂ ನ್ಯುಮೋನಿಯಾಕ್ಕೆ ತಿರುಗುವ ಅಪಾಯ ಹೆಚ್ಚು. ವಯಸ್ಸಾದವರಲ್ಲಿ ಲಸಿಕೆಯ ಪರಿಣಾಮ ಯುವಜನರಲ್ಲಿರುವಷ್ಟು ಇರುವುದಿಲ್ಲವೆಂಬುದು ನಿಜ. ಆದರೂ ಆಸ್ಪತ್ರೆ ಸೇರುವ ಸಂಭವವನ್ನು ಅದು ತಗ್ಗಿಸುತ್ತದೆ.

ಕಾಲಕ್ಕಿಂತ ಲಭ್ಯತೆಯೇ ಕಠಿಣ ಪ್ರಶ್ನೆ. ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವು ಮಕ್ಕಳು ಹಾಗೂ ಗರ್ಭಿಣಿಯರಿಗಾಗಿ ರೂಪಿತವಾದುದು. ಹಿರಿಯರ ಫ್ಲೂ ಲಸಿಕೆ ಅದರಲ್ಲಿ ಸೇರಿಲ್ಲ. ಹಿರಿಯ ನಾಗರಿಕರ ಗುರುತಿನ ಚೀಟಿಯನ್ನಾಗಲಿ ವೃದ್ಧಾಪ್ಯ ವೇತನದ ಆದೇಶಪತ್ರವನ್ನಾಗಲಿ ತೋರಿಸಿದರೂ ಆ ಕಾರ್ಯಕ್ರಮದಡಿ ಅದು ದೊರೆಯದು. ಸಾಮಾನ್ಯವಾಗಿ ಖಾಸಗಿ ಆಸ್ಪತ್ರೆಯಲ್ಲಿ ಹಣ ತೆತ್ತು ಪಡೆಯಬೇಕಾಗುತ್ತದೆ. ವೃದ್ಧಾಪ್ಯ ವೇತನವನ್ನೇ ನಂಬಿದವರಿಗೆ, ಕೊಬ್ಬರಿ ಮಾರುವವರೆಗೆ ಕೈಯಲ್ಲಿ ಕಾಸಿಲ್ಲದ ಮನೆಗಳಿಗೆ, ಇದು ಹೊರೆಯೇ ಸರಿ.

ಲಸಿಕೆಯಲ್ಲಿ ಯಾವ ತಳಿಗಳಿರಬೇಕೆಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯು ಪ್ರತಿ ವರ್ಷ ದಕ್ಷಿಣ ಗೋಳಾರ್ಧಕ್ಕೆ ಸೆಪ್ಟೆಂಬರ್‌ನಲ್ಲಿ, ಉತ್ತರ ಗೋಳಾರ್ಧಕ್ಕೆ ಫೆಬ್ರವರಿಯಲ್ಲಿ ಶಿಫಾರಸು ಮಾಡುತ್ತದೆ. ತಯಾರಿಕೆಗೆ ಆರು ತಿಂಗಳಷ್ಟು ಕಾಲ ಹಿಡಿಯುತ್ತದೆ. ಮುಂಗಾರಿಗೆ ಮುನ್ನ ಬರುವುದು ದಕ್ಷಿಣ ಗೋಳಾರ್ಧದ ಲಸಿಕೆ. ಅದು ತಲುಪುವ ಮೊದಲು ದಾಸ್ತಾನಿನಲ್ಲಿ ಉಳಿದಿರುವುದು ಹಿಂದಿನ ಸಾಲಿನದಾಗಿರಬಹುದು; ಪೊಟ್ಟಣದ ಮೇಲಿನ ಸಾಲು ಮತ್ತು ಅವಧಿ ಮುಗಿಯುವ ದಿನಾಂಕವನ್ನು ಕೇಳಿ ತಿಳಿಯುವುದು ಒಳಿತು. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿಯೇ ಇಡಬೇಕಾದುದರಿಂದ, ಪೇಟೆಯಲ್ಲಿ ಕೊಂಡು ತೋಟದ ಮನೆಗೆ ಒಯ್ದು ಮತ್ತೊಂದು ದಿನ ಹಾಕಿಸಿಕೊಳ್ಳುವುದು ತರವಲ್ಲ.

ಹಿಂದೆ ಲಸಿಕೆಯಿಂದ ತೀವ್ರ ಅಲರ್ಜಿಯಾಗಿದ್ದವರು ವೈದ್ಯರಿಗೆ ಮೊದಲೇ ತಿಳಿಸಬೇಕು. ಜ್ವರವಿದ್ದವರು ಗುಣವಾದ ಮೇಲೆ ಪಡೆಯಬಹುದು. ಮೇ ತಿಂಗಳು ತಪ್ಪಿದವರು ಮಳೆ ಆರಂಭವಾದ ಮೇಲೂ ಪಡೆಯಬಹುದಾಗಿದ್ದು, ಪ್ರತಿ ವರ್ಷವೂ ಹೊಸದಾಗಿ ಹಾಕಿಸಿಕೊಳ್ಳಬೇಕಾಗುತ್ತದೆ. ದೂರದ ಹಳ್ಳಿಗಳಿಂದ ಬರುವವರು ಲಸಿಕೆ ದಾಸ್ತಾನಿರುವುದನ್ನು ದೂರವಾಣಿಯಲ್ಲಿ ವಿಚಾರಿಸಿಕೊಂಡೇ ಹೊರಡುವುದು ಸೂಕ್ತ.