ಒಂದು ಮಳೆ, ಎರಡು ಕಡಲು

ಹೈಸ್ಕೂಲು ಬಿಟ್ಟು ಎಷ್ಟು ವರ್ಷವಾದರೂ ಗೆಳೆಯರು ಸೇರಿದಾಗ ಪಾಠಕ್ಕಿಂತ ಪ್ರವಾಸದ ಮಾತೇ ಹೆಚ್ಚು. ಯಸಳೂರು ಸೀಮೆಯಲ್ಲಿ ಓದಿದ ಮೂವರು ಗೆಳೆಯರಿಗೆ ಇಂದಿಗೂ ಮರೆಯದಿರುವುದು ವಿಜ್ಞಾನ ಸಂಘದ ಬಿಸಿಲೆ ಪ್ರವಾಸ. ಒಬ್ಬನ ಮನೆಯಲ್ಲಿ ಬಸ್ಸಿನ ಹಣಕ್ಕೂ ತಾಪತ್ರಯ. ಉಳಿದಿಬ್ಬರು ತೋಟದಲ್ಲಿ ಉದುರಿದ ಕಾಫಿ ಹಣ್ಣು ಹೆಕ್ಕಿ ಕೂಡಿಟ್ಟ ಪುಡಿಗಾಸಿನಿಂದ ಅವನನ್ನೂ ಹೊರಡಿಸಿದರು.

ಮಂಕನಹಳ್ಳಿ ಬಳಿಯ ದಿಣ್ಣೆಯಲ್ಲಿ ಮೇಷ್ಟರು ಕೇಳಿದರು: 'ಇಲ್ಲಿ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ?' ಯಾರೂ ಬಾಯಿ ಬಿಡಲಿಲ್ಲ. ಆ ಹುಡುಗ ತನ್ನ ಬಾಟಲಿಯ ನೀರನ್ನು ದಿಣ್ಣೆಯ ನೆತ್ತಿಗೆ ಸುರಿದ. ನೀರು ಎರಡು ಕವಲಾಯಿತು. ಒಂದು ಕಡೆಯ ಮಳೆನೀರು ಹೇಮಾವತಿ ಸೇರಿ, ಕಾವೇರಿಯೊಡನೆ ಬಂಗಾಳ ಕೊಲ್ಲಿಗೆ; ಇನ್ನೊಂದು ಕಡೆಯದು ಕುಮಾರಧಾರೆಗಿಳಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಅರಬ್ಬೀ ಸಮುದ್ರಕ್ಕೆ. 'ಜಲವಿಭಾಜಕ' ಎಂಬ ಪದವನ್ನು ಆಮೇಲೆ ಯಾರೂ ಉರುಹೊಡೆಯಬೇಕಾಗಲಿಲ್ಲ.

ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಒಬ್ಬ ತೋಟದಲ್ಲೇ ಉಳಿದ, ಒಬ್ಬ ಮಂಗಳೂರಿಗೆ, ಮತ್ತೊಬ್ಬ ಮೈಸೂರಿಗೆ ಹೋದ. ಮಳೆ ಹಿಡಿದಾಗ ತೋಟದವನು ಈಗಲೂ ಫೋನಿನಲ್ಲಿ ಕೇಳುತ್ತಾನೆ: 'ನಮ್ಮ ನೀರು ನಿನ್ನ ಕಡೆ ಬಂತೇನೋ?'

ಪೋಷಕರೇ, ಮಗು ಪ್ರವಾಸದ ಚೀಟಿ ತಂದಾಗ 'ದಂಡದ ಖರ್ಚು' ಎಂದುಬಿಡಬೇಡಿ. ವಿದ್ಯಾರ್ಥಿಗಳೇ, ಹಣವಿಲ್ಲದೆ ಹಿಂದುಳಿಯುವ ಗೆಳೆಯ ನಿಮ್ಮ ತರಗತಿಯಲ್ಲೂ ಇರಬಹುದು. ಬಸ್ಸು ಹತ್ತುವ ಮುಂಚೆ ಒಮ್ಮೆ ಹಿಂತಿರುಗಿ ನೋಡಿ.